ಎರಡನೇ ಸಲ ಫೋನ್ ಮಾಡುವವರು ಯಾರು?

ಮಾನ್ಯ ಸಂಪಾದಕರೇ,

ಹೋದ ವಾರ ಈ ಅಂಕಣದಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಈಗಿನ ಮಕ್ಕಳಿಗೆ ಒಂದು ಮಾತು ಬೈದರೂ ತಡೆಯುವುದಿಲ್ಲ, ‘ಸಾಯ್ತೀನಿ’ ಅನ್ನುವುದು ಅವರ ನಾಟಕ, ಎರಡು ದಿನ ಸುಮ್ನೆ ಬಿಟ್ಟರೆ ತಾನೇ ಸರಿಹೋಗುತ್ತದೆ ಎಂದು ಬರೆದಿದ್ದರು. ಉತ್ತರ ಬರೆಯುವುದು ಬೇಡ ಅಂದುಕೊಂಡಿದ್ದೆ. ಆದರೆ ಆ ‘ಎರಡು ದಿನ’ ಅನ್ನುವ ಮಾತು ತಲೆಯಿಂದ ಹೋಗುತ್ತಿಲ್ಲ. ನನ್ನ ಕೆಲಸ ಇರುವುದೇ ಆ ಎರಡು ದಿನಗಳಲ್ಲಿ.

ಮೊದಲು ವಾರ್ಡಿನಲ್ಲಿ ನರ್ಸ್ ಆಗಿದ್ದೆ. 11 ವರ್ಷಗಳಿಂದ ಯುವಜನರ ತುರ್ತು ಮಾನಸಿಕ ಆರೋಗ್ಯ ತಂಡದಲ್ಲಿದ್ದೇನೆ. 12ರಿಂದ 25 ವರ್ಷದ ಒಳಗಿನವರನ್ನು ನೋಡುತ್ತೇವೆ. ಮನೆಯವರು, ಟೀಚರು, ಗೆಳೆಯರು ಫೋನ್ ಮಾಡುತ್ತಾರೆ. ಒಮ್ಮೊಮ್ಮೆ ಆ ಹುಡುಗ, ಹುಡುಗಿಯೇ ಮಾಡುತ್ತಾರೆ. ಆಮೇಲೆ ನಾವು ಇಬ್ಬರು ಅವರಿದ್ದಲ್ಲಿಗೆ ಹೋಗುತ್ತೇವೆ. ಬಿಳಿ ಕೋಟು ಇಲ್ಲ, ಗಾಡಿಯ ಮೇಲೆ ಬೋರ್ಡು ಇಲ್ಲ. ನನ್ನ ಬ್ಯಾಗಿನಲ್ಲಿ ಒಂದು ಪ್ಯಾಡು, ಎರಡು ಪೆನ್ನು, ನೀರಿನ ಬಾಟಲಿ, ಒಂದು ಫೋನ್ ಚಾರ್ಜರ್ ಇರುತ್ತವೆ. ಚಾರ್ಜರ್ ನನಗಲ್ಲ. ಮೂರು ದಿನ ಕೋಣೆಯಿಂದ ಹೊರಗೆ ಬರದವರ ಫೋನು ಎಷ್ಟೋ ಸಲ ಸತ್ತುಹೋಗಿರುತ್ತದೆ. ಜೊತೆಗೆ ನಾಲ್ಕು ಜನ ಗೆಳೆಯರ ಮೆಸೇಜೂ ಅದರೊಳಗೇ ಸಿಕ್ಕಿಕೊಂಡಿರುತ್ತದೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 17. ನಾವು ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಮ್ಮ ಅವನ ಪರವಾಗಿ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರು. ಅಪ್ಪ ಬಾಗಿಲಲ್ಲೇ ನಿಂತು, ‘ಏನೂ ಆಗಿಲ್ಲ ಮೇಡಂ, ಪರೀಕ್ಷೆ ಭಯ ಅಷ್ಟೇ’ ಅನ್ನುತ್ತಿದ್ದರು. ಇಬ್ಬರನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆವು. ನಾನು ನೆಲದ ಮೇಲೆ ಕೂತೆ. 40 ನಿಮಿಷ ಅವನು ಒಂದು ಮಾತೂ ಆಡಲಿಲ್ಲ. ನನಗೂ ಕಾಲು ಜೋಮು ಹಿಡಿದಿತ್ತು. ಚಾರ್ಜರ್ ತೆಗೆದು ಅವನ ಪಕ್ಕ ಇಟ್ಟೆ. ಅವನ ಬಾಯಿಂದ ಬಂದ ಮೊದಲ ಮಾತು, ‘ಟೈಪ್ ಸಿ ನಾ?’

ಆಮೇಲೆ ಮಾತು ಶುರುವಾಯಿತು. ಕೊನೆಗೆ ನೇರವಾಗಿ ಕೇಳಿದೆ: ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಹೊರಗೆ ಕುರ್ಚಿ ಸರಿದ ಸದ್ದಾಯಿತು. ಹುಡುಗ ‘ಹೂಂ’ ಅಂದ. ಆ ಪ್ರಶ್ನೆ ಕೇಳಿದ್ದಕ್ಕೆ ಆಮೇಲೆ ಅಮ್ಮ ನನ್ನ ಮೇಲೆ ರೇಗಿದರು. ಇಲ್ಲದ ಯೋಚನೆಯನ್ನು ನಾನೇ ಅವನ ತಲೆಗೆ ಹಾಕಿದೆ ಅಂತ. ಈ ಭಯ ಬಹಳ ಜನರಿಗಿದೆ. 2005ರಲ್ಲಿ ನ್ಯೂಯಾರ್ಕ್ ರಾಜ್ಯದ 6 ಹೈಸ್ಕೂಲುಗಳ 2,300ಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಆತ್ಮಹತ್ಯೆ ಬಗ್ಗೆ ಪ್ರಶ್ನೆ ಕೇಳಿದರು, ಉಳಿದವರಿಗೆ ಕೇಳಲಿಲ್ಲ. ಕೇಳಿಸಿಕೊಂಡ ಗುಂಪಿನಲ್ಲಿ ಸಂಕಟ ಉಳಿದವರಿಗಿಂತ ಜಾಸ್ತಿ ಕಾಣಲಿಲ್ಲ. ಮೊದಲೇ ಕುಗ್ಗಿದ್ದ ಮಕ್ಕಳಿಗೆ ಸ್ವಲ್ಪ ಹಗುರವಾದಂತೆಯೂ ಕಂಡಿತು. ನನ್ನ ಅನುಭವವೂ ಅದೇ. ಆ ‘ಹೂಂ’ ಅಂದ ಮೇಲೆ ಅವನು ಗೋಡೆ ಬಿಟ್ಟು ನನ್ನ ಕಡೆ ತಿರುಗಿದ.

ನಾಟಕ ಅಂದವರಿಗೆ ಇಷ್ಟು ಹೇಳಬೇಕು. ಗಮನ ಸೆಳೆಯಲೆಂದೇ ಹೇಳಿದ್ದ ಅಂದುಕೊಳ್ಳಿ. 17 ವರ್ಷದ ಹುಡುಗ ಅದಕ್ಕೆ ಈ ಮಾತನ್ನೇ ಆರಿಸಿಕೊಂಡನೆಂದರೆ, ಉಳಿದ ಮಾತುಗಳೆಲ್ಲ ಆಗಲೇ ಖರ್ಚಾಗಿವೆ ಅಂತಲೇ ಅರ್ಥ ಅಲ್ವಾ?

ಆ ರಾತ್ರಿ ಅವನ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ, ಮತ್ತೆ ಸಾಯುವ ಯೋಚನೆ ಬಂದರೆ ಏನು ಮಾಡಬೇಕು ಎಂಬ ಒಂದು ಯೋಜನೆ ಬರೆದೆವು. ಇದರ ನಮೂನೆ ಮಾಡಿಕೊಟ್ಟವರು ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು. ಕಷ್ಟ ಹತ್ತಿರ ಬರುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ, ಆಗ ಒಬ್ಬನೇ ಏನು ಮಾಡಬಹುದು, ಎಲ್ಲಿಗೆ ಹೋಗಬಹುದು, ಯಾರಿಗೆ ಹೇಳಬಹುದು, ಯಾವ ವೈದ್ಯರಿಗೆ ಫೋನ್ ಮಾಡಬೇಕು, ಮನೆಯಲ್ಲಿ ಏನನ್ನು ಕೈಗೆ ಸಿಗದಂತೆ ಇಡಬೇಕು. ಇಷ್ಟೇ. ಆದರೆ ಅವನ ಮಾತಿನಲ್ಲೇ, ಅವನ ಕೈಯಲ್ಲೇ ಬರೆಸಬೇಕು. ನಾನು ‘ಮನಸ್ಸು ಕುಗ್ಗಿದಾಗ’ ಅಂದೆ. ಅವನು ಅದನ್ನು ಹೊಡೆದುಹಾಕಿ ‘ಕಿವಿಯಲ್ಲಿ ಗುಂಯ್ ಅಂದಾಗ’ ಎಂದು ಬರೆದ. ಯಾರಿಗೆ ಹೇಳಬಹುದು ಅನ್ನುವ ಕಡೆ ಚಿಕ್ಕಮ್ಮನ ಹೆಸರು ಬರೆದ. ಅಪ್ಪನ ಹೆಸರು ಬರೆಯಲಿಲ್ಲ. ಅಷ್ಟು ಹೊತ್ತಿಗೆ ಅಪ್ಪ ಒಳಗೆ ಬಂದಿದ್ದರು. ಹಾಳೆ ಓದಿದರು. ಏನೂ ಹೇಳದೆ ಚಿಕ್ಕಮ್ಮನ ನಂಬರನ್ನು ತಮ್ಮ ಫೋನಿನಿಂದ ನೋಡಿ ಅವನಿಗೆ ಹೇಳಿ ಬರೆಸಿದರು.

ಇದು ಮೊದಲ ರಾತ್ರಿ. ಮೊದಲ ರಾತ್ರಿ ಎಲ್ಲರೂ ಇರುತ್ತಾರೆ. ನೆಂಟರು ಬರುತ್ತಾರೆ, ನಾವು ಬರುತ್ತೇವೆ, ಬಾಗಿಲು ತೆಗೆದೇ ಇರುತ್ತದೆ. ನಾನು ಬರೆಯಲು ಕೂತಿದ್ದು ಹತ್ತನೇ ದಿನದ ಬಗ್ಗೆ.

ಕೆಲವು ವರ್ಷಗಳ ಹಿಂದೆ ಒಂದು ಹುಡುಗಿಯನ್ನು ಮೂರು ಸಲ ಭೇಟಿ ಮಾಡಿದೆವು. ಚೇತರಿಸಿಕೊಂಡಂತೆ ಕಂಡಳು. ಫಾರಂನಲ್ಲಿ ‘ಅಪಾಯ ಕಡಿಮೆಯಾಗಿದೆ’ ಅನ್ನುವ ಚೌಕಕ್ಕೆ ಟಿಕ್ ಹಾಕಿ ಫೈಲು ಮುಚ್ಚಿದೆವು. ವೈದ್ಯರ ಭೇಟಿಗೆ ಆರು ವಾರದ ಆಚೆ ದಿನ ಸಿಕ್ಕಿತ್ತು. ಹೊರಡುವಾಗ ನಾನು ಅವಳಿಗೆ, ‘ಫೋನ್ ಮಾಡ್ತೀನಿ’ ಅಂದಿದ್ದೆ. ಎಲ್ಲರೂ ಅನ್ನುವ ಹಾಗೆ. 19ನೇ ದಿನ ಅವಳೇ ಮಾಡಿದಳು. ‘ಅಕ್ಕಾ, ನೀವು ಫೋನ್ ಮಾಡ್ತೀನಿ ಅಂದಿದ್ರಿ’ ಅಂದಳು. ಬೈಯಲಿಲ್ಲ, ಅಳಲಿಲ್ಲ. ಅವಳು ಆ 19 ದಿನ ಎಣಿಸಿದ್ದಳು. ನಾನು ಎಣಿಸಿರಲಿಲ್ಲ. ಅವಳು ಈಗ ಚೆನ್ನಾಗಿದ್ದಾಳೆ. ಅದರಲ್ಲಿ ನನ್ನ ಪಾಲು ಇಲ್ಲ.

ಮಾನಸಿಕ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ವಾರ, ತಿಂಗಳುಗಳೇ ಹೆಚ್ಚು ಅಪಾಯದವು ಎಂಬುದು ಈ ಕ್ಷೇತ್ರದಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1969ರಲ್ಲೇ ಒಂದು ಪ್ರಯೋಗ ಶುರು ಮಾಡಿದ್ದರು. ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡ ಅಂದ 843 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಗಾಗ ಪುಟ್ಟ ಪತ್ರ ಹಾಕಿದರು. ಹೇಗಿದ್ದೀರಿ, ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ, ಬರೆಯಬೇಕು ಅನ್ನಿಸಿದರೆ ಬರೆಯಿರಿ. ಅಷ್ಟೇ. ಬುದ್ಧಿಮಾತಿಲ್ಲ, ಬನ್ನಿ ಎಂಬ ಒತ್ತಾಯವಿಲ್ಲ. 5 ವರ್ಷದಲ್ಲಿ 24 ಪತ್ರ. ಮೊದಲ 2 ವರ್ಷ ಪತ್ರ ಸಿಕ್ಕವರಲ್ಲಿ ಆತ್ಮಹತ್ಯೆಗಳು ಕಡಿಮೆಯಾದವು. ಮೇಲೆ ಹೇಳಿದ ಸ್ಟ್ಯಾನ್ಲಿ, ಬ್ರೌನ್ ಅವರ ಯೋಜನೆಯನ್ನು ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2018ರಲ್ಲಿ ಬಂತು. ಯಾರಿಗೆ ಹಾಳೆ ಕೊಟ್ಟು, ಆಮೇಲೆ ಕನಿಷ್ಠ ಎರಡು ಸಲ ಫೋನ್ ಮಾಡಿದರೋ ಅವರಲ್ಲಿ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ, ಮುಂದಿನ 6 ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ಸುಮಾರು 45% ಕಡಿಮೆ ಇತ್ತು. ಅವರು ಮಾಜಿ ಸೈನಿಕರು, ನಮ್ಮವರು ಮಕ್ಕಳು, ನಿಜ. ಆದರೂ ಆ ಫೋನನ್ನು ಸಣ್ಣದು ಅನ್ನಲು ನನಗೆ ಮನಸ್ಸಿಲ್ಲ.

ಆದರೆ ನಮ್ಮಂಥ ತಂಡಗಳ ಕೆಲಸವನ್ನು ಅಳೆಯುವುದು ಹೇಗೆ ಗೊತ್ತಾ? ಎಷ್ಟು ನಿಮಿಷದಲ್ಲಿ ತಲುಪಿದಿರಿ, ಎಷ್ಟು ಮನೆಗೆ ಹೋದಿರಿ, ಎಷ್ಟು ಫೈಲು ಮುಗಿಸಿದಿರಿ. ಎರಡನೇ ಫೋನಿಗೆ ಫಾರಂನಲ್ಲಿ ಜಾಗವೇ ಇಲ್ಲ. ಅದನ್ನು ಮಾಡುವವರು ಶಿಫ್ಟ್ ಮುಗಿದ ಮೇಲೆ, ಬಸ್ಸಿಗೆ ಕಾಯುತ್ತಾ ಮಾಡುತ್ತಾರೆ. ಇಂಥ ಸೇವೆಗಳಿಗೆ ಹಣ ಕೊಡುವವರು ಈ ಪತ್ರ ಓದಿದರೆ ಒಂದು ಕೇಳಿಕೆ. ಹೊಸ ವಾಹನ ಆಮೇಲೆ ಕೊಡಿ. ಮೊದಲು, ವಾರಕ್ಕೆ ಎರಡು ಮಧ್ಯಾಹ್ನ ಬರೀ ಫೋನ್ ಮಾಡಲು ಒಬ್ಬರನ್ನು ಕೊಡಿ.

ನಿಮಗೂ ಒಂದು ಮಾತು, ಸಂಪಾದಕರೇ. ‘ಫೋನ್ ಕಿತ್ತುಕೊಂಡಿದ್ದಕ್ಕೆ ಬಾಲಕಿ…’ ಎಂಬಂಥ ಶೀರ್ಷಿಕೆ ದಯವಿಟ್ಟು ಬೇಡ. ಕಾರಣ ಒಂದೇ ಇರುವುದಿಲ್ಲ. ಇನ್ನು ಹೇಗೆ ಎಂಬ ವಿವರ ಯಾರಿಗೂ ಬೇಕಾಗಿಲ್ಲ. ವಿಯೆನ್ನಾದ ಪತ್ರಿಕೆಗಳು 1987ರಲ್ಲಿ ಇಂಥ ವರದಿಗಳ ಧಾಟಿ ಬದಲಿಸಿದವು, ಅಲ್ಲಿನ ಮೆಟ್ರೊದಲ್ಲಿ ಇಂಥ ಸಾವುಗಳು ಬಹಳ ಇಳಿದವು. ವರದಿ ಹಾಕಲೇಬೇಕಾದಾಗ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಹಾಕಿ. ದುಡ್ಡು ಬೇಡ, ದಿನದ 24 ಗಂಟೆಯೂ ಸಿಗುತ್ತದೆ.

ಇವತ್ತು ಸಂಜೆ ನಾನು ಐದು ಜನಕ್ಕೆ ಫೋನ್ ಮಾಡಬೇಕು. ಚಾರ್ಜರ್ ಹುಡುಗ ಎತ್ತುವುದಿಲ್ಲ, ಅದು ಗೊತ್ತು. ಮೆಸೇಜ್ ಹಾಕಿದರೆ ಬರೀ ಒಂದು ಹೆಬ್ಬೆರಳು ಕಳಿಸುತ್ತಾನೆ. ದಿನಾಂಕ ಹಾಕಿ ಅದನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಇತಿ,
ಯುವಜನರ ತುರ್ತು ತಂಡದ ಒಬ್ಬ ಕಾರ್ಯಕರ್ತೆ
(ಮಕ್ಕಳ ಗುರುತು ಕಾಪಾಡಲು ಹೆಸರು, ಊರು ಪ್ರಕಟಿಸಬೇಡಿ)