ಕಲ್ಯಾಣ ಲೋಕಲ್ ಹತ್ತಿ ಹೋದ ಹಿರಿಯರಿಗೆ

ಹೋದ ಗಣೇಶ ಹಬ್ಬಕ್ಕೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ಮುಂದೆ ಮ್ಯಾಜಿಕ್‌ಗೆ ನಿಂತಿದ್ದೆ. ಮನಸ್ಸು ಓದುವ ಆಟ. ಇಸ್ಪೀಟು ಕಟ್ಟಿನ ಅಡಿಯ ಎಲೆಯನ್ನು ಕದ್ದು ನೋಡಿಟ್ಟುಕೊಳ್ಳಬೇಕು. ಅವರು ಆರಿಸಿದ ಎಲೆ ಮೇಲಿಟ್ಟು ಕಟ್ ಮಾಡಿದರೆ, ಅಂದರೆ ಮೇಲಿನ ಅರ್ಧ ಎತ್ತಿ ಅಡಿಗೆ ಹಾಕಿದರೆ, ನಮ್ಮ ಗುರುತಿನ ಎಲೆ ಅದರ ಮೇಲೆಯೇ ಬಂದು ಕೂರುತ್ತದೆ. (ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಯಬೇಡಿ, ಇದು ಒಂದನೇ ಪಾಠ.) ಆದರೆ ಒಬ್ಬ ಹುಡುಗ ಕಟ್ ಮಾಡುವ ಬದಲು ಪಟಪಟನೆ ಕಲಸಿಬಿಟ್ಟ! ಗುರುತೂ ಹೋಯಿತು, ಮಾನವೂ ಹೋಯಿತು.

ಆಮೇಲೆ ಪ್ಲಾಟ್‌ಫಾರ್ಮ್ ಬೆಂಚಿನಲ್ಲಿ ನೀವೇ ಬಂದು ಪಕ್ಕ ಕೂತಿರಿ. ಎರಡು ಲೋಕಲ್ ಬಿಟ್ಟು ಹೇಳಿಕೊಟ್ಟಿರಿ. "ಕಲಸೋದಿದ್ರೆ ಮೊದಲೇ ಕಲಸಲಿ ಮರಿ. ಆಮೇಲೆ ಕಟ್ಟು ನಿನ್ನ ಅಂಗೈ ಬಿಡಬಾರದು. ನೀನು ಕೈ ನೋಡಿಕೊಂಡ್ರೆ ಜನನೂ ಕೈನೇ ನೋಡ್ತಾರೆ. ಮುಖ ನೋಡಿ ಏನಾದ್ರೂ ಕೇಳು." ಕಟ್ಟನ್ನು ಸುಮ್ನೆ ಮಂಡಿಗೆ ತಟ್ಟಿ ಜೋಡಿಸುತ್ತಲೇ ನೀವು ಅಡಿಯ ಎಲೆ ನೋಡಿದ್ದು, ಪಕ್ಕದಲ್ಲೇ ಇದ್ದ ನನಗೂ ಗೊತ್ತಾಗಲಿಲ್ಲ.

ಮೊನ್ನೆ ಮಾಟುಂಗದಲ್ಲಿ ಅದೇ ಆಟ ಮಾಡಿದೆ. "ಅಯ್ಯೋ, ಆಟೀನು ರಾಣಿನೇ!" ಅಂತ ಒಬ್ಬ ಅಮ್ಮ ಬಾಯಿ ಮೇಲೆ ಕೈ ಇಟ್ಟರು. ನಿಮ್ಮ ಹೆಸರು ಕೇಳೋದೇ ಮರೆತಿದ್ದೆ. ತುಂಬಾ ಥ್ಯಾಂಕ್ಸ್ ಸಾರ್.