ಅಪ್ಪ-ಅಮ್ಮನ ಫೋನೂ ಕೂಗಬೇಕು

ಕೊಡಗಿನಲ್ಲಿ ಮಳೆ ಹಿಡಿಯುವ ಮುಂಚೆ ಅಪ್ಪ-ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳುವುದು ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ರೂಢಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದ ಮೇಲಂತೂ ಅವರನ್ನು ಮಳೆಗಾಲದಲ್ಲಿ ತೋಟದ ಮನೆಯಲ್ಲಿ ಬಿಡಲು ಯಾರಿಗೂ ಮನಸ್ಸಿಲ್ಲ. ಆದರೆ ಅಲ್ಲಿ ಮಳೆ ಸುರಿಯುವಾಗಲೇ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಕಾಲ ಶುರುವಾಗಿರುತ್ತದೆ.

ಅದೇ ವರ್ಷದ ನವೆಂಬರ್ 8ರಂದು ಇಲ್ಲಿನ ಪ್ಯಾರಡೈಸ್ ಪಟ್ಟಣಕ್ಕೆ ಬೆಂಕಿ ನುಗ್ಗಿತು. 85 ಜನ ಸತ್ತರು, ಹೆಚ್ಚಿನವರು ವಯಸ್ಸಾದವರು. ಮನೆ ಬಿಡಿ ಎಂದು ತಾನಾಗಿ ಕರೆ ಮಾಡುವ ವ್ಯವಸ್ಥೆ ಅಲ್ಲಿ ಇತ್ತು. ಆದರೆ ಮೊಬೈಲ್ ನಂಬರ್ ಮೊದಲೇ ನೋಂದಾಯಿಸಿರಬೇಕಿತ್ತು, ಬಹಳ ಜನ ನೋಂದಾಯಿಸಿರಲಿಲ್ಲ. ಟವರ್‌ಗಳೂ ಸುಟ್ಟವು.

ಈಗಲೂ ಕೌಂಟಿಯ (ಊರಿನ ಜಿಲ್ಲಾಡಳಿತದಂಥದ್ದು) ಎಚ್ಚರಿಕೆಯ ಕರೆ ಮೊಬೈಲ್‌ಗೆ ಬರಬೇಕೆಂದರೆ ಹೆಚ್ಚಿನ ಕಡೆ ನಂಬರ್ ನೋಂದಾಯಿಸಲೇಬೇಕು. ನಮ್ಮ ನಂಬರ್ ಇದ್ದರೆ ಸಾಕು ಅನ್ನಬೇಡಿ. ಹಗಲು ನಾವು ಆಫೀಸಿನಲ್ಲಿ, ಮನೆಯಲ್ಲಿ ಅವರಿಬ್ಬರೇ, ಅಲ್ವಾ? ನೋಂದಣಿ ಇಲ್ಲದೆಯೂ ಟವರ್‌ನಿಂದ ನೇರ ಬರುವ ಇನ್ನೊಂದು ಎಚ್ಚರಿಕೆ ಇದೆ, ಜೋರು ಸದ್ದಿನದು. ಆದರೆ ಅದು ವೈಫೈ ಮೇಲೆ ಬರುವುದಿಲ್ಲ. ವಾಟ್ಸಾಪ್‌ಗೆ ವೈಫೈ ಸಾಕು ಎಂದು ಸಿಮ್ ಇಲ್ಲದೆ ಇಟ್ಟ ಫೋನನ್ನು ನಂಬಿ ಕೂರಬೇಡಿ. ಇಲ್ಲಿನದೊಂದು ಸಿಮ್ ಹಾಕಿಕೊಡಿ.

ಇನ್ನೊಂದು ಕಷ್ಟ ನಾವೇ ತಂದಿಟ್ಟದ್ದು. ಮೋಸದ ಕರೆಗಳಿಗೆ ಹೆದರಿ, 'ಗೊತ್ತಿಲ್ಲದ ನಂಬರ್ ಎತ್ತಬೇಡಿ ಅಮ್ಮಾ' ಎಂದು ಅವರಿಗೆ ಕಲಿಸಿದ್ದೇವೆ. ಕೌಂಟಿಯಿಂದ ಬರುವುದೂ ಅವರ ಪಾಲಿಗೆ ಗೊತ್ತಿಲ್ಲದ ನಂಬರೇ. ಅದನ್ನು 'ಬೆಂಕಿ, ತಕ್ಷಣ ಎತ್ತಿ' ಎಂದು ಕನ್ನಡದಲ್ಲೇ ಸೇವ್ ಮಾಡಿಕೊಡಿ. ಐಫೋನ್ ಆದರೆ ಆ ಹೆಸರಿನ ರಿಂಗ್‌ಟೋನ್‌ನಲ್ಲಿ 'ಎಮರ್ಜೆನ್ಸಿ ಬೈಪಾಸ್' ಆನ್ ಮಾಡಿ, ಸೈಲೆಂಟ್‌ನಲ್ಲಿದ್ದರೂ ಹೊಡೆದುಕೊಳ್ಳುತ್ತದೆ. ಮನೆ ಬಿಡಿ ಎಂಬ ಆದೇಶ, ಅಂದರೆ 'ಆರ್ಡರ್' ಬಂದರೆ ಎಲ್ಲರೂ ಕೂಡಲೇ ಹೊರಡಬೇಕು. ಆದರೆ ವಯಸ್ಸಾದವರು ಅಲ್ಲಿವರೆಗೆ ಕಾಯಬಾರದು, ಅದಕ್ಕೂ ಕೆಳಗಿನ ಹಂತದ ಮುನ್ನೆಚ್ಚರಿಕೆ, ಅಂದರೆ 'ವಾರ್ನಿಂಗ್' ಬಂದಾಗಲೇ ಹೊರಡಬೇಕು. ಕಾರು ಓಡಿಸಲು ಬಾರದವರನ್ನು ಯಾರು ಕರೆದೊಯ್ಯುತ್ತಾರೆ ಎಂದು ಪಕ್ಕದ ಮನೆಯವರ ಹತ್ತಿರ ಇಂದೇ ಮಾತಾಡಿ.

ಊರಲ್ಲೂ 2023ರ ಅಕ್ಟೋಬರ್‌ನಲ್ಲಿ ಇಂಥ ಟವರ್ ಎಚ್ಚರಿಕೆಯ ಪರೀಕ್ಷೆ ನಡೆಯಿತು. ಒಳ್ಳೆಯದೇ. ಆದರೆ ಗಾಳಿ-ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರ್ ಎಷ್ಟು ಹೊತ್ತು ನಿಂತೀತು? ಲೈನ್‌ಮನೆಗಳಲ್ಲಿರುವ ತೋಟದ ಕೆಲಸಗಾರರಿಗೆ ಸುದ್ದಿ ಮುಟ್ಟಿಸುವವರು ಯಾರು ಎಂದು ತೋಟ ಇರುವವರು ಮಳೆಗೆ ಮುಂಚೆ ಗೊತ್ತುಮಾಡಿಕೊಳ್ಳಲೇಬೇಕು.

ಮುಂದಿನ ಕೂಟದಲ್ಲಿ ಊಟಕ್ಕೆ ಮುಂಚೆ ನೋಂದಣಿಗೆಂದೇ ಒಂದು ಮೇಜು ಹಾಕುತ್ತೇವೆ. ಅಪ್ಪ-ಅಮ್ಮನನ್ನು ಕರೆತನ್ನಿ, ಅವರ ಫೋನ್ ಮರೆಯಬೇಡಿ. ಸಂಘದ ಹುಡುಗರು ಪಕ್ಕದಲ್ಲೇ ಕೂತು ಮಾಡಿಕೊಡುತ್ತಾರೆ.