ಅವಳ ಬೆನ್ನು ಕಂಡವರು ಯಾರು?

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಕಥೆಗಳನ್ನು ಬಿಡದೆ ಓದುವವಳು ನಾನು. ಒಂದು ತಕರಾರಿದೆ. ಕಥೆ ಯಾವ ಊರಿನದೇ ಇರಲಿ, ಗಂಡ ಹೆಂಡತಿ ಹತ್ತಿರ ಬಂದರೆ ಸಾಕು, ಅದೇ ಮಲ್ಲಿಗೆ, ಅದೇ ಬೆಳದಿಂಗಳು, ಆಮೇಲೆ ದೀಪ ಆರುತ್ತದೆ. ಈ ಕಥೆಯ ಜೋಡಿಯನ್ನು ಎತ್ತಿ ಆ ಕಥೆಯಲ್ಲಿ ಮಲಗಿಸಿದರೂ ಯಾರಿಗೂ ಗೊತ್ತಾಗಲ್ಲ.

ಮೊನ್ನೆಯ ಕಥೆಯಲ್ಲಿ ಮೊದಲಿಂದಲೂ ಎಲ್ಲವನ್ನೂ ನೋಡುವವಳು ಹೆಂಡತಿಯೇ. ರಾತ್ರಿ ಆಗಿದ್ದೇ ತಡ, ಅವಳ ಬೆನ್ನು ಬೆಳದಿಂಗಳಲ್ಲಿ ಹೊಳೆಯಿತು ಅಂತ ಬರುತ್ತದೆ. ಅಲ್ರೀ, ತನ್ನ ಬೆನ್ನು ತನಗೆ ಹೇಗೆ ಕಂಡಿತು? ಕಥೆಗಾರರು ಅವಳನ್ನು ಸುಮ್ನೆ ಪಕ್ಕಕ್ಕೆ ಸರಿಸಿ ತಾವೇ ಕಿಟಕಿಯಲ್ಲಿ ನಿಂತು ನೋಡಿದ್ದಾರೆ, ಅಲ್ವಾ?

ನಮ್ಮ ಇಳಕಲ್ಲಿನ ನೇಕಾರರ ಮನೆಯನ್ನೇ ತಗೊಳ್ಳಿ. ಗಂಡ ದಿನವಿಡೀ ಕುಣಿಮಗ್ಗದಲ್ಲಿ, ಅಂದರೆ ನೆಲದ ಗುಂಡಿಯ ಮೇಲೆ ಹೂಡಿದ ಮಗ್ಗದಲ್ಲಿ, ಕಾಲು ಇಳಿಬಿಟ್ಟು ಕೂತವನು. ಸೀರೆಯ ಮೈಯ ಹಾಸಿಗೂ (ಮಗ್ಗದ ಉದ್ದಕ್ಕೆ ಹೂಡುವ ನೂಲಿಗೂ) ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಹಾಕಿ ಅವನ ಬೆರಳಿಗೇ ಕಣ್ಣು ಬಂದಿರುತ್ತದೆ. ಕತ್ತಲಲ್ಲಿ ಅವಳ ಹೆಗಲು ಮುಟ್ಟಿದರೆ ಮೊದಲು ತಿಳಿಯುವುದು ರವಿಕೆಯ ಹೊಲಿಗೆ ಬಿಚ್ಚಿದ್ದು, ಆಮೇಲೆ ಹೆಗಲು. ಅವಳೋ ಹಗಲೆಲ್ಲ ಕಂಡಿಕೆಗೆ ನೂಲು ಸುತ್ತಿ ಸುಸ್ತಾದವಳು. ಅವಳಿಗೆ ತಿಳಿಯುವುದು ಅವನ ಮೊಣಕಾಲಿಗೆ ಹಚ್ಚಿದ ಎಣ್ಣೆಯ ವಾಸನೆ, ಜೊತೆಗೆ ಗೋಡೆಯಾಚೆ ಅತ್ತೆಯ ಕೆಮ್ಮು ನಿಂತಿತೋ ಇಲ್ಲವೋ ಅನ್ನುವುದು. ಅವನ ಕಡೆಯಿಂದ ಬರೆದರೆ ಆ ಕೆಮ್ಮು ಕಥೆಯಲ್ಲೇ ಇರುವುದಿಲ್ಲ. ಗಂಡಸರಿಗೆ ಎಲ್ಲಿ ಕೇಳಿಸುತ್ತದೆ ಬಿಡಿ.

ಇಷ್ಟು ಬರೆದರೆ ಅಶ್ಲೀಲ ಆಗುತ್ತದೆ ಅನ್ನುವವರು ವಿಜಯಪುರ ಜಿಲ್ಲೆಯ ‘ಹಲಸಂಗಿ ಗೆಳೆಯರು’ ಎಂಬ ಸಾಹಿತಿಗಳ ಬಳಗ 1931ರಲ್ಲಿ ಅಚ್ಚು ಹಾಕಿಸಿದ ಜನಪದ ಹಾಡುಗಳ ಪುಸ್ತಕ ‘ಗರತಿಯ ಹಾಡು’ ಒಮ್ಮೆ ತೆರೆದು ನೋಡಲಿ. ಬೀಸುವ ಕಲ್ಲಿನ ಮುಂದೆ ಕೂತವಳು ಗಂಡನ ಮೇಲಿನ ಪ್ರೀತಿ, ಮುನಿಸು ಎರಡನ್ನೂ ಮೂರೇ ಸಾಲಲ್ಲಿ ಹೇಳಿ ಮುಗಿಸುತ್ತಾಳೆ. ಹೇಳುವವಳು ಅವಳೇ, ಕಿಟಕಿಯಲ್ಲಿ ನಿಂತ ಇನ್ನೊಬ್ಬರಲ್ಲ.

ಅಂದಹಾಗೆ ನಾನೂ ಒಂದೆರಡು ಕಥೆ ಬರೆದವಳೇ. ಈ ಪತ್ರ ಬರೆಯುವ ಮುಂಚೆ ಹಳೇ ನೋಟ್‌ಬುಕ್ ತೆಗೆದು ನೋಡಿದರೆ ನನ್ನದರಲ್ಲೂ ಮಲ್ಲಿಗೆ! ಆಗ ನಮ್ಮ ಮನೆಯಲ್ಲಿ ಹೂವಿಗೆ ಅಂತ ದುಡ್ಡೇ ಇರಲಿಲ್ಲ. ಅದನ್ನು ಹೊಡೆದುಹಾಕಿ ಎಣ್ಣೆ ವಾಸನೆ ಅಂತ ಬರೆದಿದ್ದೇನೆ. ಇನ್ನೂ ಸರಿಯಾಗಿ ಕೂತಿಲ್ಲ. ಕೂತ ಮೇಲೆ ನಿಮಗೇ ಕಳಿಸುತ್ತೇನೆ.

– ನೇಕಾರರ ಓಣಿಯ ಒಬ್ಬಳು, ಇಳಕಲ್